ಉಂಡವರು ಹಾಕುವ ಮಣ್ಣು

ಹೆಣವನ್ನು ಗೋಡೆಗೆ ಆನಿಸಿ ಕೂಡ್ರಿಸುತ್ತಿದ್ದರು. ಸತ್ತವಳ ಮೈದುನ ಜಕ್ಕಪ್ಪ ಹೆಗಲು ಹಿಡಿದಿದ್ದ, ಇನ್ನಿಬ್ಬರು ಮೊಣಕಾಲು ಮಡಿಸುತ್ತಿದ್ದರು. ತಲೆ ವಾಲಬಾರದೆಂದು ಯಾರೋ ಹಗ್ಗ ತಂದರು. ಹಗ್ಗ ಬೇಕಾಗಲಿಲ್ಲ. ಕಂಬಳಿ ಹೊದಿಸಿ ಕೈ ಬಿಟ್ಟರೆ ಸತ್ಯವ್ವ ತಾನಾಗಿಯೇ ನೆಟ್ಟಗೆ ಕುಳಿತಳು.

"ಯವ್ವಾ, ಹೆಂಗ ಕುಂತಾಳ ನೋಡ್ರಿ! ಸತ್ತಾಕಿ ಅನ್ನಂಗಿಲ್ಲ," ಎಂದಳು ಒಬ್ಬ ಹೆಂಗಸು.

ಅಂಗಳದ ಆಚೆ ಜಾಲಿ ಗಿಡದ ಕೆಳಗೆ ನಿಂತಿದ್ದ ಮಾದೇವಿಗೆ ಆ ಮಾತು ಕೇಳಿಸಿತು. ಬದುಕಿದ್ದಾಗ ಕೂರುವುದರಲ್ಲಿ ಇವಳನ್ನು ಮೀರಿಸುವವರಿರಲಿಲ್ಲ. ಸತ್ತ ಮೇಲೂ ಇವಳೇ ಹೊಗಳಿಸಿಕೊಳ್ಳಬೇಕೆ? ಒಂದು ದಿನವಾದರೂ, ಇವತ್ತೊಂದು ದಿನವಾದರೂ, ಸ್ವಲ್ಪ ವಾಲಿದ್ದರೆ ಏನಾಗುತ್ತಿತ್ತು?

ಹೀಗೆಂದುಕೊಂಡು ತನ್ನ ಬಾಯಿಗೆ ತಾನೇ ಸೆರಗು ಒತ್ತಿಕೊಂಡಳು. ಸತ್ತವಳ ಮೇಲೆ ಇಂಥ ಕಿಚ್ಚು ಒಳ್ಳೆಯದಲ್ಲ ಎಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಅದು ಆರುತ್ತದೆಯೇ? ಪಕ್ಕದಲ್ಲಿ ಗಂಡ ಹುಲೆಪ್ಪ ಕೈಕಟ್ಟಿ ನಿಂತಿದ್ದ. ಹೊಲಗೇರಿಯವರು ಕುರುಬರ ಅಂಗಳದೊಳಗೆ ಎಷ್ಟರತನಕ ಬರಬಹುದೆಂದು ಯಾರೂ ಗೆರೆ ಹಾಕಿರಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ಇಬ್ಬರಿಗೂ ಆ ಜಾಲಿ ಗಿಡವೇ ಹೊಸ್ತಿಲು.

ಬನಹಟ್ಟಿಯ ನೇಕಾರ ಓಣಿಗೆ ಓಣಿಯೇ ಬಂದಿತ್ತು. ಕಾಮಾಲೆಯಾಗಿ ಮೂರು ವಾರ ಮಲಗಿದ್ದ ಸತ್ಯವ್ವ ಬೆಳಿಗ್ಗೆ ತೀರಿಕೊಂಡಳೆಂಬ ಸುದ್ದಿ ಹಬ್ಬಿದ ಕೂಡಲೇ ಮಗ್ಗ ನಿಲ್ಲಿಸಿ ಬಂದಿದ್ದರು. ಅವರ ಹಿರಿಯ ಶಿದ್ರಾಮಪ್ಪ ಹೆಣದ ಮುಂದೆ ಕುಳಿತು ಎಳೆ ಕೂಸಿನ ಹಾಗೆ ಅಳುತ್ತಿದ್ದ.

"ಒಂಬತ್ತು ದಿನ ಹೊಟ್ಟಿಗಿ ಹಾಕಿದ ತಾಯಿ ಬೇ ನೀ! ಓಣಿ ಸುಟ್ಟು ಬೂದಿ ಆಗಿ ನಿಂತಾಗ ಸ್ವಂತ ಬೀಗರೂ ಬರಲಿಲ್ಲ. ಆ ನುಚ್ಚು, ಆ ಸಾರು... ಅಂಥಾ ಕೈರುಚಿ ನಾ ಹಡದವ್ವನ ಕೈಯಾಗೂ ಉಂಡಿಲ್ಲ!"

ಕೈರುಚಿ! ಮಾದೇವಿ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಮುಷ್ಟಿ ಮಾಡಿಕೊಂಡಳು. ಸತ್ಯವ್ವನಿಗೆ ನುಚ್ಚು ಕುದಿಸಲು ಬರುತ್ತಿರಲಿಲ್ಲ. ಅಡಿ ಹತ್ತಿಸುತ್ತಿದ್ದಳು. ಉಣ್ಣೆ ನೂಲುವುದೊಂದು ಬಿಟ್ಟರೆ ಅವಳ ಕೈಗೆ ಮನೆಗೆಲಸ ಒಗ್ಗಿರಲೇ ಇಲ್ಲ.

ದರ್ಗಾದ ದಾವಲಸಾಬ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಹೇಳಿದ: "ಆ ಒಂಬತ್ತು ದಿನ ಹಂಡೆ ನಮ್ಮ ದರ್ಗಾದ್ದು, ಜ್ವಾಳ ಮಠದ್ದು, ಹೊದಿಯಾಕ ಕಂಬಳಿ ಬೀರಪ್ಪನ ಒಕ್ಕಲದವರದು. ಹೆಸರು ಮಾತ್ರ ಸತ್ಯವ್ವಂದು." ಹೇಳಿ, ಒಮ್ಮೆ ಜಾಲಿ ಗಿಡದ ಕಡೆ ನೋಡಿ ಕಣ್ಣು ಕೆಳಗೆ ಹಾಕಿದ. ಅವನಿಗೆ ಗೊತ್ತಿತ್ತು. ಸೌದೆ ಹೊತ್ತು ತಂದವನು ಅವನೇ ಅಲ್ಲವೇ?

*

ಮೊದಲು ಕೂರುವುದರ ಕತೆ ಹೇಳಬೇಕು. ಈ ಕಿಚ್ಚಿನ ಬೇರು ಅಲ್ಲಿದೆ.

ಹುಲೆಪ್ಪ ಯುದ್ಧಕ್ಕೆಂದು ಬರ್ಮಾಕ್ಕೆ ಹೋಗಿ, ಎರಡು ವರ್ಷ ಸುದ್ದಿಯಿಲ್ಲದೆ ಇದ್ದು, ಖಾಕಿ ಚೀಲದೊಳಗೆ ಗೇಣುದ್ದದ ಹಿತ್ತಾಳೆ ಬುದ್ಧನನ್ನು ಇಟ್ಟುಕೊಂಡು ಬಂದ. ಕಾಡಿನಲ್ಲಿ ಜ್ವರ ಬಂದು ಬಿದ್ದಿದ್ದವನನ್ನು ಅಲ್ಲಿಯ ಭಿಕ್ಷುಗಳು ಉಳಿಸಿದ್ದರಂತೆ. ಊರಿಗೆ ಬಂದವನು ರಬಕವಿ ಕಡೆಯ ಅರ್ಧ ಎಕರೆ ಹೊಲದಲ್ಲಿ ಒಂದು ಚಪ್ಪರ ಹಾಕಿದ. ಮಳೆಗಾಲ ಬಂತೆಂದರೆ ಏಳು ದಿನ ಅಲ್ಲಿ ಮೌನ. ಹೊಲಗೇರಿಯ ಹತ್ತು ಹದಿನೈದು ಜನ ಬಂದು ಐದು ಮಾತು ಕೊಡುತ್ತಿದ್ದರು: ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಹಾದರ ಮಾಡುವುದಿಲ್ಲ, ಸುಳ್ಳು ಆಡುವುದಿಲ್ಲ, ಕುಡಿಯುವುದಿಲ್ಲ. ಕೊಟ್ಟು ಕಣ್ಣು ಮುಚ್ಚಿ ಕೂರುತ್ತಿದ್ದರು. ಊರವರು ಅದಕ್ಕೆ 'ಮೂಕರ ಸಾಲಿ' ಎಂದು ಹೆಸರಿಟ್ಟು ನಗುತ್ತಿದ್ದರು.

ಮಾತು ಬಿಟ್ಟವರಿಗೂ ಹೊಟ್ಟೆ ಇರುತ್ತದಲ್ಲ? ಏಳು ದಿನ ಬೇಯಿಸುವವಳು ಮಾದೇವಿ. ಐದು ವರ್ಷದಲ್ಲಿ ಒಂದು ಗಳಿಗೆಯೂ ಅವಳು ಆ ಚಪ್ಪರದೊಳಗೆ ಕೂತಿರಲಿಲ್ಲ. ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ, ಒಳಗೆ ಕೂತವರ ಬೆನ್ನುಗಳನ್ನು ಎಣಿಸುತ್ತಿದ್ದಳು.

ಮೂರನೆಯ ವರ್ಷ ಕಂಬಳಿ ಮಾರಲು ಬಂದ ಕುರುಬರ ವಿಧವೆ ಸತ್ಯವ್ವ, ಚಪ್ಪರದ ಹೊರಗೆ ಗಂಟು ಇಳಿಸಿ, "ಏನ್ ನಡದೈತ್ರಿ ಇಲ್ಲಿ?" ಎಂದಳು. ಯಾರೂ ಉತ್ತರ ಕೊಡಲಿಲ್ಲ. ಹಿಂದಿನ ಸಾಲಿನಲ್ಲಿ ತಾನೂ ಕುಳಿತಳು. ಬೆಳಿಗ್ಗೆ ಕುಳಿತವಳು ಸಂಜೆ ಎದ್ದಳು. ಮೂಗಿನ ಮೇಲೆ ನೊಣ ಕೂತರೂ ಮಿಸುಕಿರಲಿಲ್ಲ. ಮರುದಿನ ಮತ್ತೆ ಬಂದು ತಾನೂ ಐದು ಮಾತು ಕೊಟ್ಟು ಕುಳಿತಳು. ಮೈದುನ ಜಕ್ಕಪ್ಪ, ಬೀರಪ್ಪನ ಪೂಜಾರಿ, ಕೂಗಾಡಿದ. ಕೊನೆಗೆ, "ಕುಂಡ್ರೂದಾದ್ರ ಕುಂಡ್ರು, ಅವರದು ಉಣ್ಣಬ್ಯಾಡ," ಎಂದು ಬಿಟ್ಟ. ಸತ್ಯವ್ವ ತನ್ನ ರೊಟ್ಟಿ ತಾನು ಕಟ್ಟಿಕೊಂಡು ಬರುತ್ತಿದ್ದಳು.

ಏಳನೆಯ ದಿನ ಮೌನ ಮುರಿದಾಗ ಹುಲೆಪ್ಪ ಎಲ್ಲರ ಮುಂದೆ ಹೇಳಿದ: "ಸತ್ಯವ್ವನ್ನ ನೋಡ್ರಿ. ಕುಂಡ್ರೂದಂದ್ರ ಹಂಗ ಕುಂಡ್ರಬೇಕು."

ಮಾದೇವಿ ಆ ಸಂಜೆ ಪಾತ್ರೆಗಳನ್ನು ತಿಕ್ಕಲಿಲ್ಲ, ಬಡಿದಳು. "ಕುಂಡ್ರಾಕೇನ, ಉಂಡು ಬಂದ್ರ ಯಾರರ ಕುಂಡರ್ತಾರ. ನನ್ನ ಒಲಿ ಮುಂದ ಕುಂಡ್ರು ಅನ್ನು ಒಂದಿನ!" ಎಂದಳು. ಹುಲೆಪ್ಪ ನಕ್ಕುಬಿಟ್ಟ. ಗಂಡನಿಗೂ ಆ ಹೆಂಗಸಿಗೂ ನಡುವೆ ಸಂಶಯಪಡುವಂಥದ್ದು ಏನೂ ಇರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಇಲ್ಲದ್ದಕ್ಕೆ ಎಲ್ಲಿ ಜಗಳವಾಡುವುದು?

*

ಅಂಗಳದಲ್ಲಿ ಡೊಳ್ಳು ಹದ ಮಾಡುತ್ತಿದ್ದರು. ಶಿದ್ರಾಮಪ್ಪನ ಹೆಂಡತಿ ಅನಸವ್ವ ಕೊಡ ಹಿಡಿದು ಬಾವಿಯ ಕಡೆ ಹೊರಟವಳು ಜಾಲಿ ಗಿಡದ ಬಳಿ ನಿಂತಳು. ಹುಲೆಪ್ಪ ಮರ್ಯಾದೆಗೆ ನಾಲ್ಕು ಹೆಜ್ಜೆ ಆಚೆ ಹೋದ.

"ಮಾದೇವಿ, ಒಂದು ಕೇಳ್ತೇನಿ. ಆ ಸಾರಿಗಿ ಹುಣಸಿ ಚಿಗರು ಹಾಕೂದು ಗೊತ್ತೈತಿ. ಎರಡು ವರ್ಸ ಆತು ಮಾಡಾಕತ್ತು, ಆ ರುಚಿ ಬರವಲ್ದು. ಮತ್ತೇನರ ಹಾಕ್ತಿದ್ರೇನು?"

"ನನಗೇನ್ ಗೊತ್ರಿ. ಸತ್ತಾಕೀನ ಕೇಳಬೇಕು," ಎಂದಳು ಮಾದೇವಿ. ಮಾತು ಕತ್ತರಿಯಂತೆ ಬಂತು.

ಅನಸವ್ವ ಹಿಂದೆ ಮುಂದೆ ನೋಡಿ ದನಿ ಇಳಿಸಿದಳು. "ಅಕೀದಲ್ಲ ಅದು. ನಿಂದು. ಎರಡನೇ ದಿನಾನ ನೋಡೀನಿ. ಕೂಸಿಗೆ ಹಾಲು ಕೇಳಾಕಂತ ಹಿಂದಿನ ದೊಡ್ಡಿ ಗ್ವಾಡಿ ಹತ್ರ ಬಂದಿದ್ನಿ. ಸಂದ್ಯಾಗ ಹಣಿಕಿ ನೋಡಿದ್ರ ಹಂಡೆ ಮುಂದ ನೀ ಇದ್ದಿ."

ಮಾದೇವಿ ತಲೆ ಎತ್ತಿ ಅವಳ ಕಡೆ ನೋಡಿದಳು. "ಮತ್ತ... ಆ ಮ್ಯಾಲ ಉಣ್ಣಲಿಲ್ಲೇನ್ರಿ?"

"ಉಂಡ್ನಿ. ಉಳದ ಏಳು ದಿನಾನೂ ಉಂಡ್ನಿ. ನನ್ನ ಗಂಡಗ ಹೇಳಲಿಲ್ಲ." ಕೊಡವನ್ನು ಸೊಂಟಕ್ಕೇರಿಸಿಕೊಂಡಳು. "ನೀನೂ ಹೇಳಬ್ಯಾಡವ್ವಾ. ಇವತ್ತಂತೂ ಬ್ಯಾಡ. ಹೇಳಿದ್ರ ಇವ್ರೆಲ್ಲಾ ಮೈಲಿಗಿ ಅಂತ ಎದ್ದು ಹೊಕ್ಕಾರ. ಸತ್ಯವ್ವನ್ನ ಹೊರಾಕ ಹೆಗಲು ಸಿಗೂದಿಲ್ಲ."

ಹೋಗಿಬಿಟ್ಟಳು. ಎರಡು ವರ್ಷದಿಂದ ಯಾರಾದರೂ ಒಬ್ಬರು 'ಅದು ನಿನ್ನ ಕೈಯದು' ಅನ್ನಲಿ ಎಂದು ಮಾದೇವಿ ಹಂಬಲಿಸಿದ್ದಳು. ಅಂದರು. ಗಿಡದ ಮರೆಯಲ್ಲಿ, ಪಿಸುಮಾತಿನಲ್ಲಿ, ಹೇಳಬೇಡವೆಂಬ ಆಣೆಯೊಂದಿಗೆ. ಇದಕ್ಕಿಂತ ಅನ್ನದೇ ಇದ್ದಿದ್ದರೇ ಚೆನ್ನಾಗಿತ್ತು ಎನ್ನಿಸಿ ಅವಳಿಗೆ ಅಳು ಬಂತು.

*

ಎರಡು ವರ್ಷದ ಹಿಂದೆ, ವೈಶಾಖದ ಹುಣ್ಣಿಮೆಗೆ ಮೂರು ದಿನ ಇತ್ತು. ಬುದ್ಧನ ಹುಣ್ಣಿಮೆಗೆಂದು ಹುಲೆಪ್ಪನ ಚಪ್ಪರದಲ್ಲಿ ಎರಡು ಚೀಲ ಜೋಳದ ನುಚ್ಚು ಒಡೆಸಿ ಇಟ್ಟಿದ್ದರು. ನಡು ಮಧ್ಯಾಹ್ನ ಬನಹಟ್ಟಿ ದಿಕ್ಕಿನಲ್ಲಿ ಕಪ್ಪು ಹೊಗೆ ಎದ್ದಿತು. ನೂಲಿಗೆ ಬಣ್ಣ ಕುದಿಸುವ ಭಟ್ಟಿಯ ಕಿಡಿ ಪಕ್ಕದ ಮನೆಯ ಹುಲ್ಲು ಚಾವಣಿಗೆ ಹಾರಿ, ಬಿರುಗಾಳಿಗೆ ಒಂದು ಮನೆಯಿಂದ ಇನ್ನೊಂದಕ್ಕೆ ದಾಟಿ, ಹೊತ್ತು ಇಳಿಯುವುದರೊಳಗೆ ನೇಕಾರ ಓಣಿಯೇ ಇರಲಿಲ್ಲ. ಮಗ್ಗ, ನೂಲು, ಸೀರೆ, ಕಾಳು, ಎಲ್ಲ ಬೂದಿ. ಮೂರನೆಯ ದಿನ ಜಮಖಂಡಿಯಿಂದ ಮಾಮಲೇದಾರರು ಬಂದು ಸುಟ್ಟ ಮನೆಗಳ ಪಟ್ಟಿ ಬರೆದುಕೊಂಡು ಹೋದರು. ಮುಂಬೈ ಸರ್ಕಾರದ ಕಾಗದ ಮುಂಬೈಗೆ ಹೋಗಿ ಬರಬೇಕು. ಅಲ್ಲಿಯತನಕ ಹೊಟ್ಟೆ ಕೇಳುತ್ತದೆಯೇ?

ಸುಟ್ಟ ಮರುದಿನವೇ ಹುಲೆಪ್ಪ, "ಏಳ್ರಿ, ನುಚ್ಚು ಹೊರ್ರಿ," ಎಂದ. ಮಾದೇವಿ ಸಂಜೆಯೊಳಗೆ ಬೇಯಿಸಿ ತಂದಳು. ಬೂದಿಯ ಪಕ್ಕದ ಬಯಲಿನಲ್ಲಿ ಕೂತಿದ್ದ ನೇಕಾರರ ಮಕ್ಕಳು ವಾಸನೆಗೆ ಎದ್ದು ನಿಂತವು. ದೊಡ್ಡವರು ಮೊದಲು ಗಡಿಗೆಯನ್ನು ನೋಡಿದರು, ಆಮೇಲೆ ಸೌಟು ಹಿಡಿದ ಕೈಯನ್ನು ನೋಡಿದರು. ಮಕ್ಕಳನ್ನು ಹಿಂದಕ್ಕೆ ಎಳೆದು ಕೂಡ್ರಿಸಿಕೊಂಡರು. ಯಾರೂ ಬೇಡ ಅನ್ನಲಿಲ್ಲ. ತಾಟು ಚಾಚಲೂ ಇಲ್ಲ. ಮಾದೇವಿ ಸೌಟು ಹಿಡಿದು ನಿಂತೇ ಇದ್ದಳು. ನುಚ್ಚು ಕೆನೆಗಟ್ಟಿತು.

ಆಗ ಸತ್ಯವ್ವ ಬಂದಳು. ನೋಡಿದಳು. ಅವಳ ಕೈಯಿಂದ ಸೌಟು ಕಸಿದುಕೊಂಡು ಕಿವಿಯಲ್ಲಿ, "ಒಯ್ಯಿ ಇದನ್ನ. ನಮ್ಮ ದೊಡ್ಡ್ಯಾಗ ನೀ ಮಾಡು. ನಾ ನೀಡ್ತೇನಿ," ಎಂದಳು.

ಕುರಿಗಳು ಬೇಸಗೆಗೆ ಹೊಳೆಸಾಲು ಸೇರಿದ್ದರಿಂದ ಮನೆಯ ಹಿಂದಿನ ದೊಡ್ಡಿ ಖಾಲಿ ಇತ್ತು. ಆಳೆತ್ತರದ ಗೋಡೆ. ಮಾದೇವಿ ಹೊಲದ ಹಾದಿಯಿಂದ ನುಸುಳಿ ಬರುತ್ತಿದ್ದಳು. ದಾವಲಸಾಬ ಉರುಸಿನ ತಾಮ್ರದ ಹಂಡೆಯನ್ನೂ ಸೌದೆಯನ್ನೂ ತಂದುಕೊಟ್ಟ. ತಾಮ್ರಕ್ಕೆ ಮೈಲಿಗೆ ಇಲ್ಲವೆಂದು ಮಠದ ಐನೋರು ಹೇಳಿ, ಮೇಲೆ ಆರು ಚೀಲ ಜೋಳ ಕಳಿಸಿದರು. ಮೊದಲ ಪಂಕ್ತಿಯಲ್ಲಿ ಸತ್ಯವ್ವ ಎಲ್ಲರ ಮುಂದೆ ಒಂದು ತುತ್ತು ಬಾಯಿಗೆ ಹಾಕಿಕೊಂಡು, "ನಾನ ಮಾಡೀನಿ. ನೋಡ್ರಿ, ನಾನೂ ಉಣ್ಣಾಕತ್ತೇನಿ. ಉಣ್ರಿ," ಎಂದಳು. ಬೇರೆ ದಿನಗಳಲ್ಲಿ ಕುರುಬರ ಮನೆಯದನ್ನೂ ಮುಟ್ಟದವರು ಅಷ್ಟು ಕೆಳಗೆ ಇಳಿದರು. ಅದಕ್ಕಿಂತ ಒಂದು ಮೆಟ್ಟಿಲು ಇಳಿಯುವುದು ಅವರಿಂದ ಆಗದ ಕೆಲಸವಾಗಿತ್ತು.

ಒಂಬತ್ತು ದಿನ. ಗೋಡೆಯ ಈಚೆ ಮಾದೇವಿ ಗುರೆಳ್ಳು ಹುರಿದು, ಕುಟ್ಟಿ, ಸಾರಿಗೆ ಹಾಕುತ್ತಿದ್ದಳು. ಗೋಡೆಯ ಆಚೆಯಿಂದ, "ಸತ್ಯವ್ವಾ, ಇನ್ನೊಂದು ಸೌಟು! ಏನ್ ಕೈ ಬೇ ನಿಂದು!" ಎಂಬ ಮಾತು ಕೇಳುತ್ತಿತ್ತು. ಹಂಡೆ ಬರಿದಾಗಿ ಮರಳಿ ಬರುತ್ತಿತ್ತು. ಓಣಿಗೆಲ್ಲ ಬಡಿಸಿದವಳು ಬೇಯಿಸಿದವಳಿಗೆ ಒಂದು ದಿನವೂ ಬಡಿಸಲಿಲ್ಲ. ಮಾದೇವಿ ಮನೆಗೆ ಹೋಗಿ ತಣ್ಣನೆಯ ರೊಟ್ಟಿ ಮುರಿದು ತಿಂದು ಮಲಗುತ್ತಿದ್ದಳು.

ಓಣಿ ಮತ್ತೆ ಎದ್ದ ಮೇಲೆ ನೇಕಾರರು ಮೊದಲ ಮಗ್ಗದ ಮೊದಲ ಸೀರೆಯನ್ನು ಸತ್ಯವ್ವನಿಗೆ ಉಡಿಸಿದರು. ಅಂದಿನಿಂದ ಅವಳು ಹುಲೆಪ್ಪನ ಚಪ್ಪರಕ್ಕೆ ಬರುವುದನ್ನೇ ಬಿಟ್ಟಳು. ದಾರಿಯಲ್ಲಿ ಎದುರಾದರೆ ತಲೆ ತಗ್ಗಿಸಿ ಹೋಗುತ್ತಿದ್ದಳು. 'ದೊಡ್ಡಾಕಿ ಆದ್ಲು, ನಮ್ಮ ಚಾಪಿ ಚುಚ್ಚತೈತಿ ಈಗ,' ಎಂದುಕೊಂಡಳು ಮಾದೇವಿ.

*

ಡೊಳ್ಳು ಮುಂದೆ, ಹೆಣ ನಡುವೆ, ನೇಕಾರರ ಹಿಂಡು ಹಿಂದೆ. ಎಲ್ಲರಿಗಿಂತ ಹಿಂದೆ, ಧೂಳು ಇಳಿದ ಮೇಲೆ, ಹುಲೆಪ್ಪ ಮತ್ತು ಮಾದೇವಿ. ಚಿಮ್ಮಡದ ಹಾದಿ ಹಿಡಿದು ಕುರುಬರು ಹೆಣ ಹೂಳುವ ಹೊಲಕ್ಕೆ ಹೊರಟಿದ್ದರು.

"ಎಷ್ಟು ಮಂದಿ ಬಂದಾರ ನೋಡು," ಎಂದಳು ಮಾದೇವಿ. "ನಾ ಸತ್ರ ನೀ ಒಬ್ಬಾಂವ, ಮತ್ತ ಬುದ್ಧ. ಮುಗೀತು."

ಹುಲೆಪ್ಪ ಮುಂದೆ ನಡೆದ.

"ಸೀರಿ ಉಟ್ಟ ಮ್ಯಾಲ ಮೂಕರ ಸಾಲಿ ನೆನಪಾಗಲಿಲ್ಲ ಅಕಿಗೆ. ಅಷ್ಟು ಛಲೋ ಕುಂಡ್ರಾಕಿ!"

"ಅದಕ್ಕ ಬರಲಿಲ್ಲ ಅಂತ ತಿಳಿದಿಯೇನು?" ಹುಲೆಪ್ಪ ನಡೆಯುತ್ತಲೇ ಹೇಳಿದ. "ಒಂದಿನ ಹೊಲಕ್ಕ ಬಂದಿದ್ಲು. 'ಅಣ್ಣಾ, ಸುಳ್ಳ ಆಡಂಗಿಲ್ಲ ಅಂತ ಮಾತ ಕೊಟ್ಟು ಒಂಬತ್ತು ದಿನ ಸುಳ್ಳ ಹೇಳೀನಿ. ಈಗೂ ಯಾರರ ಹೊಗಳಿದಾಗೊಮ್ಮೆ ಹೇಳಾಕತ್ತೇನಿ. ಕಣ್ಣ ಮುಚ್ಚಿದ್ರ ಮಾದೇವಿ ಕೈ ಕಾಣ್ತಾವು. ನಾ ಹೆಂಗ ಕುಂಡ್ರಲಿ?' ಅಂತ ಅತ್ತಳು. ಹಂಗಾದ್ರ ಖರೆ ಹೇಳಿಬಿಡು ಅಂದ್ನಿ. 'ಹೇಳಿದ್ರ ನನಗ ಬೈದು ಬಿಡ್ತಾರ. ಕುಲ ಕೆಡಿಸಿದಾಕಿ ಅಂತ ಮಾದೇವೀನ ಹೊಡದಾರು,' ಅಂದ್ಲು."

ಮಾದೇವಿ ಹಾದಿಯಲ್ಲೇ ನಿಂತುಬಿಟ್ಟಳು.

"ನಿನಗ ಹೇಳಿದ್ಲು," ಎಂದಳು. "ಎಲ್ಲಾ ನಿನಗ ಹೇಳಿದ್ಲು. ನನ್ನ ಕೈ ಕಾಣ್ತಾವು ಅಂತ ನನಗ ಹೇಳಾಕ ಏನಾಗಿತ್ತು ಅಕಿಗೆ? ನೀನರ ಯಾಕ ಹೇಳಲಿಲ್ಲ?"

"ಹೇಳಬ್ಯಾಡ ಅಂದಿದ್ಲು."

"ನೀವಿಬ್ರೂ ಛಲೋ ಮಂದಿ. ನಾನ ಕೆಟ್ಟಾಕಿ," ಎಂದು ಮಾದೇವಿ ಮತ್ತೆ ನಡೆದಳು. ಕಿಚ್ಚು ಆರಿರಲಿಲ್ಲ. ಆದರೆ ಅದರೊಳಗೆ ಇನ್ನೇನೋ ಸೇರಿಕೊಂಡು, ಯಾವುದಕ್ಕೆ ಅಳುತ್ತಿದ್ದೇನೆಂದು ಅವಳಿಗೇ ತಿಳಿಯದಾಗಿತ್ತು.

ಕುಣಿ ಸಿದ್ಧವಿತ್ತು. ಹೆಣ ಕೂಡ್ರಿಸುವ ಗುಂಡಿ, ಆಳುದ್ದ ಆಳ. ಸತ್ಯವ್ವನನ್ನು ಇಳಿಸಿ, ಹಣೆಗೆ ಭಂಡಾರದ ಅರಿಸಿನ ಹಚ್ಚಿ, ಜಕ್ಕಪ್ಪ ಮೇಲೆ ಬಂದ. ಆ ಒಕ್ಕಲಲ್ಲಿ ಒಂದು ಪದ್ಧತಿ. ಮಣ್ಣು ಹಾಕುವ ಮೊದಲು ಮೂರು ಸಲ ಕೇಳಬೇಕು. ಸತ್ತವರ ಮೇಲೆ ಸಾಲವೋ ದೂರೋ, ಮಾತು ಉಳಿದವರು ಆಗಲೇ ಹೇಳಬೇಕು. ಆಮೇಲೆ, ಸತ್ತವರ ಕೈಯಲ್ಲಿ ಉಂಡವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಬೇಕು. ಉಣ್ಣದವರು ಹಾಕುವಂತಿಲ್ಲ.

"ಇಕಿ ಮ್ಯಾಲ ಯಾರದರ ಮಾತು ಉಳದೈತೇನು? ಇದ್ರ ಈಗ ಹೇಳ್ರಿ. ಮಣ್ಣು ಬಿದ್ದ ಮ್ಯಾಲ ಕೇಳಾಕ ಅಕಿ ಇರೂದಿಲ್ಲ."

"ಏನಿಲ್ಲಪಾ," ಎಂದ ಶಿದ್ರಾಮಪ್ಪ. "ನಮ್ಮ ಮ್ಯಾಲನ ಅಕೀದು ಐತಿ."

ಜಕ್ಕಪ್ಪ ಎರಡನೆಯ ಸಲ ಕೇಳಿದ. ದೂರದಲ್ಲಿ ನಿಂತಿದ್ದ ಮಾದೇವಿಯ ನಾಲಗೆಯ ತುದಿಗೆ ಮಾತು ಬಂದು ನಿಂತಿತು. ಆ ನುಚ್ಚು ನಂದು, ಆ ಸಾರು ನಂದು, ನೀವು ಅತ್ತು ಕರೆದು ಹೊಗಳಿದ ಕೈ ಇಲ್ಲಿ ನಿಂತೈತಿ, ನೋಡ್ರಿ! ಒಂದೇ ಉಸಿರಿನ ಮಾತು. ಇನ್ನು ಯಾವ ಜನ್ಮಕ್ಕೂ ಇಷ್ಟು ಜನ ಇವಳ ಮಾತು ಕೇಳಲು ಸೇರುವುದಿಲ್ಲ. ಹೇಳಿದರೆ ಶಿದ್ರಾಮಪ್ಪ ಉಗುಳುತ್ತಾನೆ. ಓಣಿಗೆ ಓಣಿಯೇ ಮೈಲಿಗೆ ಕಳೆಯಲು ಕೆರೆಗೆ ಹೋಗಿ ಮುಳುಗುತ್ತದೆ. ಸತ್ಯವ್ವ ತೆರೆದ ಕುಣಿಯಲ್ಲಿ ಒಬ್ಬಳೇ ಕೂತಿರುತ್ತಾಳೆ. ಕೂರಲಿ! ಕೂರುವುದು ಅವಳಿಗೆ ಹೊಸದೇ?

"ಮೂರನೇ ಸಲ ಕೇಳಾಕತ್ತೇನಿ. ಯಾರದರ ಐತೇನು?"

"ಐತಿ," ಎಂದಳು ಮಾದೇವಿ.

ಡೊಳ್ಳು ನಿಂತಿತು. ಎಲ್ಲರೂ ತಿರುಗಿದರು. ಹುಲೆಪ್ಪ ಅವಳ ರಟ್ಟೆ ಹಿಡಿದ. ದಾವಲಸಾಬ ಕಣ್ಣು ಮುಚ್ಚಿಕೊಂಡ. ಅನಸವ್ವ ಗಂಡನ ಕಡೆ ನೋಡಿದಳು.

"ಏನೈತಿ ಬೇ ನಿಂದು?" ಎಂದ ಜಕ್ಕಪ್ಪ.

ಮಾದೇವಿ ಬಾಯಿ ತೆರೆದಳು. ಬರಬೇಕಾದ ಮಾತು ಬರಲಿಲ್ಲ. "ನಾನೂ ಉಂಡೀನ್ರಿ," ಎಂದಳು. "ಅಕಿ ಕೈಯಾಗ ಉಂಡೀನಿ. ಆ ಒಂಬತ್ತು ದಿನಾನೂ ನನಗೂ ಹಾಕ್ಯಾಳ. ನಂದೂ ಒಂದು ಹಿಡಿ ಮಣ್ಣು ಐತಿ."

ಅದು ಸುಳ್ಳು. ಹುಲೆಪ್ಪನ ಹಿಡಿತ ಸಡಿಲಾಯಿತು. ಹೆಂಡತಿಯ ಮುಖವನ್ನೇ ನೋಡಿದ.

ಜಕ್ಕಪ್ಪ ಗಡ್ಡ ಕೆರೆದುಕೊಂಡ. ಕುರುಬರ ಕೈಯದನ್ನು ಹೊಲಗೇರಿಯವಳು ಉಂಡಿದ್ದರೆ ಅದರಲ್ಲಿ ತಪ್ಪೇನಿಲ್ಲ. "ಉಂಡಾಕೀನ ತಡದ್ರ ಬೀರಪ್ಪ ಒಪ್ಪೂದಿಲ್ಲ. ಹಾದಿ ಬಿಡ್ರಿ," ಎಂದ.

ಬಿಟ್ಟರು. ಧೋತರ ಎತ್ತಿಕೊಂಡು, ಸೆರಗು ಒತ್ತಿಕೊಂಡು, ಎರಡಾಳು ಅಗಲ ಬಿಟ್ಟರು. ಮಾದೇವಿ ನಡುವೆ ನಡೆದು ಕುಣಿಯ ಅಂಚಿಗೆ ಬಂದಳು. ಎರಡು ವರ್ಷದ ಮೇಲೆ ಸತ್ಯವ್ವನ ಮುಖ ಹತ್ತಿರದಿಂದ ಕಂಡಿತು. ಕಾಮಾಲೆಗೂ ಭಂಡಾರಕ್ಕೂ ಹಳದಿಯಾಗಿತ್ತು. ಬೆನ್ನು ಇನ್ನೂ ನೆಟ್ಟಗೇ ಇತ್ತು. ಮಾದೇವಿ ಬಗ್ಗಿ ಗುಡ್ಡೆಯಿಂದ ಮಣ್ಣು ತುಂಬಿಕೊಂಡು, "ತಗೋ. ಇದನೂ ನೀನ ತಗೋ," ಎಂದು ಮೆಲ್ಲಗೆ ಬೈಯುವ ಹಾಗೆ ಅಂದು, ಹಾಕಿದಳು. ಆಮೇಲೆ ತನಗೇ ತಿಳಿಯದೆ ಇನ್ನೊಂದು ಬೊಗಸೆ ತುಂಬಿಕೊಂಡಳು.

ಇನ್ನು ನೇಕಾರರ ಸರದಿ. ಒಬ್ಬೊಬ್ಬರೇ ಬಂದು ಗುಡ್ಡೆಯಿಂದ ತಮ್ಮ ಹಿಡಿ ತಾವು ತೆಗೆದುಕೊಳ್ಳಬೇಕು. ಸಾಲಿನ ತಲೆಗೆ ಅನಸವ್ವ ಬಂದು ನಿಂತಿದ್ದಳು. ಅವಳು ಗುಡ್ಡೆಗೆ ಬಗ್ಗಲಿಲ್ಲ. ಮಾದೇವಿಯ ಎದುರು ಬಂದು, ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದಳು.

"ನನಗ ನೀ ಹಾಕು," ಎಂದಳು.

"ಅನಸೀ!" ಎಂದು ಶಿದ್ರಾಮಪ್ಪ ಹಿಂದಿನಿಂದ ಕೂಗಿದ. "ಏನ್ ಮಾಡಾಕತ್ತಿ?"

ಅನಸವ್ವ ತಿರುಗಿ ನೋಡಲಿಲ್ಲ. ಒಡ್ಡಿದ ಬೊಗಸೆಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. "ಹಾಕು ಬೇ ಮಾದೇವಿ. ಮಂದಿ ನಿಂತೈತಿ."

ಮಾದೇವಿ ತನ್ನ ಬೊಗಸೆಯನ್ನು ಅವಳ ಬೊಗಸೆಯ ಮೇಲೆ ಬಗ್ಗಿಸಿದಳು. ಬೆರಳು ಬೆರಳಿಗೆ ತಾಗಿದವು. ಮಣ್ಣು ಇಳಿಯುವ ಸಪ್ಪಳ ಅಷ್ಟು ಜನಕ್ಕೂ ಕೇಳಿಸಿತು. ಅನಸವ್ವ ಅದನ್ನು ಸತ್ಯವ್ವನ ಮೇಲೆ ಹಾಕಿ ಪಕ್ಕಕ್ಕೆ ಸರಿದಳು. ಅವಳ ಹಿಂದೆ ಇದ್ದದ್ದು ಕಂಕುಳಲ್ಲಿ ಕೂಸು ಕಟ್ಟಿಕೊಂಡಿದ್ದ ಎಳೆ ಹೆಂಗಸು. ಅವಳು ಗುಡ್ಡೆಯನ್ನು ನೋಡಿದಳು, ಗಂಡಸರ ಸಾಲನ್ನು ನೋಡಿದಳು, ಮಾದೇವಿಯ ಕೈಗಳನ್ನು ನೋಡಿದಳು. ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. ಸೆರಗಿನ ಒಳಗಿನಿಂದ ಒಂದು ಅಂಗೈ ನಿಧಾನವಾಗಿ ಹೊರಗೆ ಬಂತು.